ಸಹಿಯನ್ನು ಕೊನೆಗೆ ನೋಡಿ

ಯುಗಾದಿ ಕಳೆದ ಮರುವಾರ ನನ್ನ ತಂಗಿ ಮಗ ಒಂದು ಪ್ಲಾಸ್ಟಿಕ್ ಫೋಲ್ಡರ್ ಹಿಡಿದುಕೊಂಡು ಮನೆಗೆ ಬಂದ. ಕಾಫಿ ಕೂಡ ಕುಡಿಯದೆ ಅದನ್ನು ಊಟದ ಮೇಜಿನ ಮೇಲೆ ಬಿಚ್ಚಿಟ್ಟ. ಒಳಗೆ ಹಳದಿಗೆ ತಿರುಗಿದ ಒಂದು ಹಾಳೆ. ಇಂಗ್ಲಿಷಿನಲ್ಲಿ ಹನ್ನೊಂದು ಸಾಲು ಕೈಬರಹ, ಕೆಳಗೆ ಗಾಂಧೀಜಿಯ ಸಹಿ.

"ದೊಡ್ಡಮ್ಮ, ಸಹಿ ನೋಡಿ ಹೇಳಿ. ಅಸಲಿ ಅಲ್ವಾ?"

ಮಾರುವವನು 65,000 ರೂಪಾಯಿ ಕೇಳಿದ್ದನಂತೆ. ಇವನು 5,000 ಮುಂಗಡ ಕೊಟ್ಟೂ ಆಗಿತ್ತು. ಮೂರು ದಿನ ಇಟ್ಟುಕೊಂಡು ಯಾರಿಗೆ ಬೇಕಾದರೂ ತೋರಿಸಿ ಅಂತ ಕಾಗದ ಕೊಟ್ಟು ಕಳಿಸಿದ್ದ. ಅಷ್ಟು ಧೈರ್ಯ ಇದೆ ಅಂದಮೇಲೆ ಅಸಲಿಯೇ ಇರಬೇಕು ಅನ್ನುವುದು ನಮ್ಮ ಹುಡುಗನ ತರ್ಕ.

ನನ್ನ ಹತ್ತಿರ ಯಾಕೆ ಬಂದ ಅಂದರೆ, ನಾನು 38 ವರ್ಷ ಬ್ಯಾಂಕಿನಲ್ಲಿದ್ದವಳು. ಶಿವಮೊಗ್ಗ, ಸಾಗರ, ಕೊನೆಗೆ ಮೈಸೂರು. ಕಂಪ್ಯೂಟರ್ ಬರುವ ಮುಂಚೆ ಪ್ರತಿ ಚೆಕ್ಕಿಗೂ ಸ್ಪೆಸಿಮನ್ ಕಾರ್ಡ್, ಅಂದರೆ ಖಾತೆದಾರರ ಮಾದರಿ ಸಹಿ ಇರುವ ಕಾರ್ಡ್ ತೆಗೆದು ಸಹಿ ತಾಳೆ ನೋಡಬೇಕಿತ್ತು. ಎಷ್ಟು ಲಕ್ಷ ಸಹಿ ನೋಡಿದೆನೋ ಲೆಕ್ಕವಿಲ್ಲ. ಹಾಗಂತ ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳುವ ಕೈಬರಹ ತಜ್ಞೆ ಅಲ್ಲ. ವ್ಯಾಜ್ಯದ ಮಟ್ಟಕ್ಕೆ ಹೋದರೆ ಅಂಥವರ ಹತ್ತಿರವೇ ಹೋಗಬೇಕು. ಆದರೆ ಹತ್ತರಲ್ಲಿ ಏಳೆಂಟು ನಕಲಿಗಳನ್ನು ಮನೆಯಲ್ಲೇ ಹಿಡಿಯಬಹುದು. ಒಂದು ಭೂತಗನ್ನಡಿ, ಒಂದು ಟಾರ್ಚು, ಸ್ವಲ್ಪ ಅನುಮಾನ ಸಾಕು. ಅವತ್ತು ನಾನು ಏನೇನು ಮಾಡಿದೆ ಅಂತ ಹೇಳುತ್ತೇನೆ, ನೀವೂ ಹಾಗೇ ಮಾಡಬಹುದು.

ಮೊದಲು ಮಾಡಿದ್ದು ಇಷ್ಟೇ. ಮೇಜಿನ ಮೇಲಿದ್ದ ಒಂದು ಮದುವೆ ಕರೆಯೋಲೆ ತೆಗೆದು ಸಹಿಯ ಮೇಲೆ ಮುಚ್ಚಿದೆ.

ಹುಡುಗನಿಗೆ ನಿರಾಸೆಯಾಯಿತು. ಆದರೆ ಇದು ಬಹಳ ಮುಖ್ಯ. ದೊಡ್ಡವರ ಸಹಿ ಕಂಡ ಕೂಡಲೇ ಮನಸ್ಸು ಕೈಮುಗಿದು ನಿಂತುಬಿಡುತ್ತದೆ. ಆಮೇಲೆ ಬೇರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ನಕಲಿ ಮಾಡುವವನು ತನ್ನ ಶ್ರಮವನ್ನೆಲ್ಲ ಸುರಿಯುವುದೂ ಆ ಒಂದೂವರೆ ಅಂಗುಲದ ಮೇಲೇ. ಉಳಿದ ಹಾಳೆಯಲ್ಲಿ ಅವನು ಸೋಮಾರಿ. ಆದ್ದರಿಂದ ಉಳಿದದ್ದನ್ನು ಮೊದಲು ನೋಡಿ, ಸಹಿಯನ್ನು ಕೊನೆಗೆ.

ಮೇಲಿನ ಬಲ ಮೂಲೆಯಿಂದ ಶುರು ಮಾಡಿದೆ. ಊರು: ಸೇವಾಗ್ರಾಮ, ವರ್ಧಾ. ತಿಂಗಳು, ವರ್ಷ: ಜುಲೈ 1938.

ಅಲ್ಲೇ ನನಗೆ ಮುಳ್ಳು ಚುಚ್ಚಿತು. 2003ರಲ್ಲಿ ನಾವು ಎಲ್‌ಟಿಸಿಯಲ್ಲಿ, ಅಂದರೆ ಬ್ಯಾಂಕು ಕೊಡುವ ಪ್ರವಾಸದ ಖರ್ಚಿನಲ್ಲಿ, ವರ್ಧಾಕ್ಕೆ ಹೋಗಿದ್ದೆವು. ಆಶ್ರಮ ನೋಡುವಾಗ ತಿಳಿದ ಸಂಗತಿ ಒಂದು ತಲೆಯಲ್ಲಿ ಉಳಿದಿತ್ತು. ಗಾಂಧೀಜಿ 1936ರಲ್ಲಿ ಅಲ್ಲಿಗೆ ಬಂದಾಗ ಆ ಹಳ್ಳಿಯ ಹೆಸರು ಸೇಗಾಂವ್. ರೈಲು ದಾರಿಯಲ್ಲಿ ಶೇಗಾಂವ್ ಅಂತ ಇನ್ನೊಂದು ಊರಿದೆ. ಕಾಗದಗಳು ಅಲ್ಲಿಗೆ ಹೋಗಿ ಗೊಂದಲವಾಗುತ್ತಿತ್ತು. ಹಾಗಾಗಿ 1940ರಲ್ಲಿ ಹೆಸರನ್ನು ಸೇವಾಗ್ರಾಮ ಅಂತ ಬದಲಾಯಿಸಿದರು. 1938ರಲ್ಲಿ ಕೂತವರು ಎರಡು ವರ್ಷ ಆಮೇಲೆ ಇಡುವ ಹೆಸರನ್ನು ಬರೆಯುವುದು ಹೇಗೆ?

"ಅದನ್ನು ಯಾರೋ ಆಮೇಲೆ ಸೇರಿಸಿರಬಹುದಲ್ವಾ?" ಅಂದ ತಂಗಿ ಮಗ. 5,000 ಕೊಟ್ಟವನಿಗೆ ಆಸೆ ಬೇಗ ಬಿಡುವುದಿಲ್ಲ. ನಾನೂ ಹಟ ಮಾಡಲಿಲ್ಲ, ಮುಂದೆ ನೋಡೋಣ ಅಂದೆ. ಒಂದೇ ಸಾಕ್ಷಿ ಮೇಲೆ ತೀರ್ಪು ಕೊಡಬಾರದು ಅನ್ನುವುದನ್ನು ನಾನೂ ಪೆಟ್ಟು ತಿಂದೇ ಕಲಿತವಳು. ಅದನ್ನು ಆಮೇಲೆ ಹೇಳುತ್ತೇನೆ.

ಊರು ಮತ್ತು ತಾರೀಖಿನಷ್ಟು ಅಗ್ಗದ, ಗಟ್ಟಿಯಾದ ಪರೀಕ್ಷೆ ಬೇರೆ ಇಲ್ಲ. ಗಾಂಧೀಜಿ ವಿಷಯದಲ್ಲಂತೂ ಅವರು ಯಾವ ದಿನ ಎಲ್ಲಿದ್ದರು ಅನ್ನುವುದು ಹೆಚ್ಚು ಕಡಿಮೆ ದಾಖಲಾಗಿದೆ. ಅವರ ಬರಹಗಳು ಇಂಗ್ಲಿಷಿನಲ್ಲಿ 100 ಸಂಪುಟ ಇವೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಓದಬಹುದು. 1927ರ ಮೇ ತಿಂಗಳ ಕಾಗದ ನಂದಿಬೆಟ್ಟದಿಂದ ಬಂದಿದ್ದರೆ ಸರಿ, ಆಗ ಅವರು ಕಾಯಿಲೆಯಿಂದ ಸುಧಾರಿಸಿಕೊಳ್ಳಲು ಅಲ್ಲಿದ್ದರು. 1943ರಲ್ಲಿ ಸೇವಾಗ್ರಾಮದಿಂದ ಬರೆದದ್ದು ಅಂದರೆ ಬಾಗಿಲು ತೋರಿಸಿ. 1942ರ ಆಗಸ್ಟ್ 9ರಿಂದ 1944ರ ಮೇ 6ರವರೆಗೆ ಅವರು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದರು.

ನಮ್ಮವರ ಕಾಗದಗಳಿಗೂ ಇದೇ ಲೆಕ್ಕ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 1965ರ ಲೆಟರ್‌ಹೆಡ್‌ನಲ್ಲಿ ಆರು ಅಂಕಿಯ ಪಿನ್ ಕೋಡ್ ಅಚ್ಚಾಗಿದ್ದರೆ ಅದು 1965ರದ್ದಲ್ಲ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1. ಪೈಸೆ ಲೆಕ್ಕ ಶುರುವಾದದ್ದು 1957ರ ಏಪ್ರಿಲ್ 1, ಅದಕ್ಕೆ ಮುಂಚೆ ಆಣೆ. ಬಿರುದುಗಳನ್ನೂ ನೋಡಿ. ಕುವೆಂಪು ಅವರಿಗೆ ರಾಷ್ಟ್ರಕವಿ ಅನ್ನುವ ಗೌರವ ಬಂದದ್ದು 1964ರಲ್ಲಿ. ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. 1970ರ ಕಾಗದದ ನೆತ್ತಿಯ ಮೇಲೆ "ಡಾ. ರಾಜ್‌ಕುಮಾರ್" ಅಂತ ಅಚ್ಚಾಗಿದ್ದರೆ ಕೆಳಗಿನ ಸಹಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಸರ್ ಸಿ.ವಿ. ರಾಮನ್ ಅವರ ಹೆಸರಿನ ಸಂಶೋಧನಾ ಸಂಸ್ಥೆ ಶುರುವಾದದ್ದು 1948ರಲ್ಲಿ. ಆ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ 1941ರ ಕಾಗದ ಇರಲಾರದು. ಅಚ್ಚಿನ ಅಕ್ಷರವನ್ನೂ ದಿಟ್ಟಿಸಿ ನೋಡಿ. ಬರಹ, ನುಡಿ ತಂತ್ರಾಂಶಗಳ ಕನ್ನಡ ಅಕ್ಷರ ನಮಗೆಲ್ಲ ಪರಿಚಯ. ಬರಹ ಹುಟ್ಟಿದ್ದು 1998ರಲ್ಲಿ. ಅಂಥ ಅಕ್ಷರದಲ್ಲಿ 1978ರ ಲೆಟರ್‌ಹೆಡ್ ಮಾಡಿದವನಿಗೆ ನಗಬೇಕೋ ಅಳಬೇಕೋ ತಿಳಿಯದು.

ಆಮೇಲೆ ಒಕ್ಕಣೆ. ನಮ್ಮ ಹುಡುಗ ತಂದ ಕಾಗದದಲ್ಲಿ ಸತ್ಯ ಇತ್ತು, ಅಹಿಂಸೆ ಇತ್ತು, ಚರಕ ಇತ್ತು, ಹರಿಜನ ಸೇವೆ ಇತ್ತು. ಎಲ್ಲ ಹನ್ನೊಂದೇ ಸಾಲಿನಲ್ಲಿ! ಯಾರಿಗೆ ಬರೆದದ್ದು? "ಪ್ರಿಯ ಮಿತ್ರರೇ", ಅಷ್ಟೇ. ಹೆಸರಿಲ್ಲ. ಗಾಂಧೀಜಿಯ ನಿಜವಾದ ಕಾಗದಗಳನ್ನು ನಾಲ್ಕು ಓದಿ ನೋಡಿ. ಹೊಟ್ಟೆ ಸರಿಯಿಲ್ಲದವರಿಗೆ ಮಣ್ಣಿನ ಪಟ್ಟಿ ಹಾಕಿಕೊಳ್ಳಲು ಹೇಳುತ್ತಾರೆ, ಯಾವುದೋ ಲೆಕ್ಕ ಸರಿಯಾಗಿಲ್ಲ ಅಂತ ಗದರುತ್ತಾರೆ, ಹಾಲು ಹಣ್ಣಿನ ವಿಷಯ ಮಾತಾಡುತ್ತಾರೆ. ದೊಡ್ಡವರ ನಿಜವಾದ ಕಾಗದ ಸಾಮಾನ್ಯವಾಗಿ ಸಪ್ಪೆ. ಹಣ ತಲುಪಿತು, ಬರಲಾಗುವುದಿಲ್ಲ, ಕರಡು ತಿದ್ದಿ ಕಳಿಸಿದ್ದೇನೆ, ಇಂಥದ್ದೇ. ಕೊಳ್ಳುವವನಿಗೆ ಬೇಕಾದ್ದೆಲ್ಲ ಒಂದೇ ಹಾಳೆಯಲ್ಲಿ ಸಿಕ್ಕಿದರೆ ಅದು ಕೊಳ್ಳುವವನಿಗಾಗಿಯೇ ಬರೆದ ಕಾಗದ.

ಒಂದು ಎಚ್ಚರಿಕೆ. ಕಾಗದದ ಕೈಬರಹ ಬೇರೆ, ಸಹಿ ಬೇರೆ ಅನ್ನುವುದೇ ದೋಷವಲ್ಲ. ಗಾಂಧೀಜಿ ಹೇಳಿ ಬರೆಸುತ್ತಿದ್ದರು. ಅವರ ಕಾರ್ಯದರ್ಶಿಗಳಾದ ಮಹಾದೇವ ದೇಸಾಯಿ, ಪ್ಯಾರೇಲಾಲ್ ಬರೆದು ಕೆಳಗೆ ಅವರು ಸಹಿ ಹಾಕಿದ ಕಾಗದಗಳಿವೆ. ಆದರೆ ಮಹಾದೇವ ದೇಸಾಯಿ ತೀರಿಕೊಂಡದ್ದು 1942ರ ಆಗಸ್ಟ್ 15ರಂದು. 1945ರ ಕಾಗದ ಅವರ ಕೈಬರಹದಲ್ಲಿದೆ ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಈಗ ಹಾಳೆ. ಕೈ ತೊಳೆದು ಒರೆಸಿಕೊಂಡು ಅಂಚಿನಲ್ಲಿ ಹಿಡಿಯಿರಿ. ನನ್ನ ಹತ್ತಿರ ಒಂದು ನೀಲಿ ದೀಪದ (ಯುವಿ) ಟಾರ್ಚ್ ಇದೆ, ಖೋಟಾ ನೋಟು ನೋಡುವಂಥದ್ದು. ಆನ್‌ಲೈನ್‌ನಲ್ಲಿ ನಾಲ್ಕೈದು ನೂರಕ್ಕೆ ಸಿಗುತ್ತದೆ. ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ಇದರ ಗುಟ್ಟು ಗೊತ್ತು. ನಿಜವಾದ ನೋಟಿನ ಕಾಗದ ಈ ಬೆಳಕಿನಲ್ಲಿ ಮಂಕಾಗಿರುತ್ತದೆ, ಅಲ್ಲಲ್ಲಿ ಎಳೆಗಳು ಮತ್ತು ನಂಬರು ಮಾತ್ರ ಹೊಳೆಯುತ್ತವೆ. ಅಂಗಡಿಯ ಬಿಳಿ ಹಾಳೆಯಲ್ಲಿ ಮಾಡಿದ ಖೋಟಾ ನೋಟು ಮಾತ್ರ ಇಡೀ ನೀಲಿಬಿಳುಪಾಗಿ ಬೆಳಗುತ್ತದೆ. ಕಾರಣ, ಈಗಿನ ಕಾಗದಕ್ಕೆ ಬಿಳುಪು ಕಾಣಲಿ ಅಂತ ಒಂದು ರಾಸಾಯನಿಕ ಹಾಕುತ್ತಾರೆ. ಅದು ಕಾಗದಕ್ಕೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಹಾಗಾಗಿ 1938ರ ಹಾಳೆ ಹೊಳೆಯಬಾರದು.

ನಮ್ಮ ಹಾಳೆ ಹೊಳೆಯಲಿಲ್ಲ. ಮಂಕು ಕಂದು ಬಣ್ಣ. ಹುಡುಗ ಗೆದ್ದವನ ಹಾಗೆ ನನ್ನ ಮುಖ ನೋಡಿದ.

ಆದರೆ ಹಳೇ ಹಾಳೆ ಅಂದರೆ ಹಳೇ ಬರಹ ಅಲ್ಲ. ಹಳೇ ಪುಸ್ತಕಗಳ ಮೊದಲಿಗೂ ಕೊನೆಗೂ ಖಾಲಿ ಹಾಳೆ ಇರುತ್ತದಲ್ಲ, ಅದನ್ನು ಕಿತ್ತುಕೊಂಡರೆ ಆಯಿತು. ಹಾಳೆಯ ಎಡ ಅಂಚು ನೋಡಿದೆ. ಮೂರು ಕಡೆ ನೇರ, ಒಂದು ಕಡೆ ಬ್ಲೇಡಿನಲ್ಲಿ ಕೊಯ್ದ ಹಾಗೆ, ತುದಿಯಲ್ಲಿ ಒಣಗಿದ ಅಂಟಿನ ಕಲೆ. ಅಳತೆಯೂ ಕಾಗದ ಬರೆಯುವ ಹಾಳೆಯದ್ದಲ್ಲ, ಪುಸ್ತಕದ್ದು. ಇದರ ಉಲ್ಟಾ ಕೂಡ ನೋಡಿ. ಸ್ವಾತಂತ್ರ್ಯಕ್ಕೆ ಮುಂಚಿನ ಕಾಗದ ಸರಿಯಾಗಿ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ ಇದ್ದರೆ, ಅಂದರೆ ಈಗಿನ ಎ4 ಇದ್ದರೆ, ಅನುಮಾನ ಪಡಲೇಬೇಕು. ಆಗ ನಡೆಯುತ್ತಿದ್ದದ್ದು ಫುಲ್‌ಸ್ಕೇಪ್ ಮತ್ತು ಅದರ ತುಂಡುಗಳು.

ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದು ಮಾಡಿದ ಹಾಳೆಯೂ ಬರುತ್ತದೆ. ಅದನ್ನು ಗುರುತಿಸುವುದು ಸುಲಭ. ನಿಜವಾಗಿ ಹಳೆಯದಾದ ಹಾಳೆ ಅಂಚಿನಲ್ಲಿ ಜಾಸ್ತಿ ಕಂದಿರುತ್ತದೆ, ಒಳಗೆ ಕಡಿಮೆ. ಡಿಕಾಕ್ಷನ್ ಹಾಳೆ ಎಲ್ಲ ಕಡೆ ಒಂದೇ ಬಣ್ಣ, ನೀರಿನ ಗೆರೆ ಬೇರೆ.

ಇಷ್ಟಾದ ಮೇಲೆ ಕರೆಯೋಲೆ ತೆಗೆದೆ.

ಸಹಿಯ ಮುಂದೆ ಮೊದಲು ಕೇಳಬೇಕಾದ ಪ್ರಶ್ನೆ ಯಾರದ್ದು ಅಂತಲ್ಲ, ಪೆನ್ನಿಂದ ಆದದ್ದೇ ಅಂತ. ಈ ಪಾಠ ನನ್ನದೇ ಮನೆಯಲ್ಲಿದೆ. ಹೈಸ್ಕೂಲಿನಲ್ಲಿದ್ದಾಗ ಒಬ್ಬ ಸಿನಿಮಾ ನಟರಿಗೆ ಕಾಗದ ಬರೆದಿದ್ದೆ. ಎರಡು ತಿಂಗಳಿಗೆ ಸಹಿ ಇದ್ದ ಫೋಟೊ ಬಂತು. ಇಡೀ ಬೀದಿಗೆ ತೋರಿಸಿದೆ. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ತಂದೆ. ನಿವೃತ್ತಿಯಾದ ಮೇಲೆ ಒಂದು ದಿನ ಭೂತಗನ್ನಡಿ ಹಿಡಿದು ನೋಡಿದರೆ ಸಹಿಯೂ ಚುಕ್ಕಿ, ಮುಖವೂ ಚುಕ್ಕಿ! ಪೇಪರಿನ ಚಿತ್ರದಲ್ಲಿ ಇರುತ್ತದಲ್ಲ, ಹಾಗೆ. ಸಹಿ ಸಮೇತ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಫೋಟೊ ಅದು. ಅದನ್ನು ಎಸೆದಿಲ್ಲ ಬಿಡಿ.

ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಹತ್ತು ಪಟ್ಟಿನ ಲೂಪ್ ಇದ್ದರೆ ಒಳ್ಳೆಯದು. ಇಂಕ್‌ಜೆಟ್‌ನಲ್ಲಿ ಅಚ್ಚಾದ ಸಹಿಯಲ್ಲಿ ಕಪ್ಪು ಗೆರೆಯ ಅಂಚಿಗೆ ಕೆಂಪು, ನೀಲಿ, ಹಳದಿ ಚುಕ್ಕಿ ಕಾಣುತ್ತದೆ. ಲೇಸರ್ ಪ್ರಿಂಟಿನಲ್ಲಿ ಕಪ್ಪು ಪುಡಿ ಕಾಗದದ ಮೇಲೆ ಕೂತಿರುತ್ತದೆ, ಸುತ್ತ ಸಣ್ಣ ಕಣಗಳು ಚೆಲ್ಲಿರುತ್ತವೆ. ರಬ್ಬರ್ ಸ್ಟ್ಯಾಂಪಿನಲ್ಲಿ ಗೆರೆಯ ಅಂಚು ಕಪ್ಪು, ನಡುವೆ ತೆಳು. ಪೆನ್ನಿನ ಗೆರೆ ಬೇರೆ. ನಿಬ್ಬಿಗೆ ಎರಡು ಕವಲಿರುತ್ತದೆ. ಒತ್ತಿ ಬರೆದ ಕಡೆ ಅದು ಅಗಲಿ ಗೆರೆಯ ಎರಡು ಅಂಚು ಗಾಢವಾಗುತ್ತದೆ. ಗೆರೆ ಗೆರೆಯನ್ನು ದಾಟಿದ ಕಡೆ ಶಾಯಿ ದಟ್ಟ. ಬಾಲ್ ಪೆನ್ನಾದರೆ ಹಾಳೆ ತಿರುಗಿಸಿ ಬೆರಳಾಡಿಸಿ, ಉಬ್ಬು ಸಿಗಬೇಕು. ತಿರುವಿನ ನಂತರ ಶಾಯಿಯ ಸಣ್ಣ ಗಂಟು ಇರುತ್ತದೆ. ಅಂದಹಾಗೆ, ಬಾಲ್ ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದೇ 1945ರ ಅಕ್ಟೋಬರ್‌ನಲ್ಲಿ. ಅದಕ್ಕಿಂತ ಹಳೆಯ ತಾರೀಖಿನ ಭಾರತದ ಕಾಗದದಲ್ಲಿ ಬಾಲ್ ಪೆನ್ನಿನ ಸಹಿ ಕಂಡರೆ ಲೂಪ್ ಕೆಳಗಿಡಿ, ಕೆಲಸ ಮುಗಿಯಿತು.

ನಮ್ಮ ಕಾಗದದ ಸಹಿ ನಿಬ್ಬಿನದ್ದೇ. ಆದರೆ ಶಾಯಿ ಗೆರೆಯಿಂದಾಚೆಗೆ ಬೇರಿನ ಹಾಗೆ ಹರಡಿತ್ತು. ಕಾಗದಕ್ಕೆ ಶಾಯಿ ಹೀರದಿರಲಿ ಅಂತ ತಯಾರಿಸುವಾಗ ಅಂಟು ಸೇರಿಸಿರುತ್ತಾರೆ. ವಯಸ್ಸಾದಂತೆ ಆ ಅಂಟಿನ ಬಲ ಹೋಗುತ್ತದೆ. ಹಳೇ ಹಾಳೆಯ ಮೇಲೆ ಹೊಸದಾಗಿ ಬರೆದರೆ ಹೀಗೇ ಹರಡುವುದು. ಅಗ್ಗದ ಕಾಗದದಲ್ಲಿ ಅಂದೇ ಬರೆದರೂ ಹರಡಬಹುದು, ಇದೊಂದನ್ನೇ ನೆಚ್ಚಬೇಡಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಮಡಿಕೆಯ ಪರೀಕ್ಷೆ. ಕಾಗದ ಬರೆಯುತ್ತೇವೆ, ಸಹಿ ಹಾಕುತ್ತೇವೆ, ಆಮೇಲೆ ಮಡಚಿ ಕವರಿಗೆ ಹಾಕುತ್ತೇವೆ. ಇದೇ ಕ್ರಮ. ಮಡಚಿದ ಕಡೆ ಕಾಗದದ ನಾರು ಮುರಿದಿರುತ್ತದೆ. ಆಮೇಲೆ ಅದರ ಮೇಲೆ ಶಾಯಿ ಹೋದರೆ ಮಡಿಕೆಯ ಗುಂಟ ಎರಡೂ ಕಡೆ ಹೀರಿಕೊಂಡು ಚಿಕ್ಕ ಮುಳ್ಳಿನ ಹಾಗೆ ಕಾಣುತ್ತದೆ. ಮೊದಲೇ ಬರೆದಿದ್ದರೆ ಮಡಿಕೆಯಲ್ಲಿ ಶಾಯಿ ಉದುರಿ ಗೆರೆ ತುಂಡಾಗಿರುತ್ತದೆ. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ. ಮೇಜಿನ ಮಟ್ಟದಲ್ಲಿ ಪಕ್ಕದಿಂದ ಬಿಡಿ. ನಮ್ಮ ಕಾಗದದಲ್ಲಿ ಸಹಿಯ ಬಾಲ ಮಡಿಕೆಯನ್ನು ದಾಟುವ ಕಡೆ ಶಾಯಿ ಎಡಬಲಕ್ಕೆ ಹರಿದಿತ್ತು. ಅಂದರೆ ಮೊದಲು ಮಡಚಿ, ಆಮೇಲೆ ಸಹಿ. ತಂಗಿ ಮಗ ಲೂಪ್ ಇಸಕೊಂಡು ಬಹಳ ಹೊತ್ತು ನೋಡಿದ. ಏನೂ ಮಾತಾಡಲಿಲ್ಲ.

ಈಗ ನಾನು ತಿಂದ ಪೆಟ್ಟಿನ ಕಥೆ. 1991ನೇ ಇಸವಿ. ಒಂದು ಚೆಕ್ಕು ಬಂತು, 8,400 ರೂಪಾಯಿ. ಕಾರ್ಡ್ ತೆಗೆದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಷ್ಟು ಚೆನ್ನಾಗಿ ಕೂಡುತ್ತಿದೆ ಅಂತ ಖುಷಿಯಾಗಿ ಪಾಸ್ ಮಾಡಿದೆ. ಹತ್ತು ದಿನಕ್ಕೆ ಖಾತೆದಾರರು ಬಂದು ಈ ಚೆಕ್ಕು ನಾನು ಬರೆದದ್ದೇ ಅಲ್ಲ ಅಂದರು. ಅವರದೇ ಒಂದು ಹಳೇ ಅರ್ಜಿಯ ಸಹಿಯನ್ನು ಗಾಜಿನ ಮೇಲಿಟ್ಟು ಕೆಳಗಿನಿಂದ ಬೆಳಕು ಬಿಟ್ಟು ಯಾರೋ ತಿದ್ದಿದ್ದರು. ಮಕ್ಕಳು ಅಕ್ಷರ ತಿದ್ದುವ ಹಾಗೆ. ವಿಚಾರಣೆ ನಡೆಯಿತು, ನನ್ನ ಒಂದು ಇನ್‌ಕ್ರಿಮೆಂಟ್ ಹೋಯಿತು. ನಾನು ಅನುಮಾನ ಪಡಬೇಕಾಗಿದ್ದದ್ದು ಅದು ಅಷ್ಟು ಚೆನ್ನಾಗಿ ಕೂಡಿದ್ದಕ್ಕೇ.

ನಂಬಿಕೆ ಬರದಿದ್ದರೆ ಈಗಲೇ ಒಂದು ಹಾಳೆಯಲ್ಲಿ ಹತ್ತು ಸಲ ನಿಮ್ಮ ಸಹಿ ಹಾಕಿ. ಕತ್ತರಿಸಿ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿಯಿರಿ. ಯಾವ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಸಹಿ ಅನ್ನುವುದು ಚಿತ್ರ ಅಲ್ಲ, ಕೈಯ ಓಟ. ಒಂದೇ ದಾರಿಯಲ್ಲಿ ದಿನಾ ನಡೆದರೂ ಹೆಜ್ಜೆ ಅದೇ ಜಾಗಕ್ಕೆ ಬೀಳುವುದಿಲ್ಲವಲ್ಲ, ಹಾಗೆ. ನಿಮ್ಮ ಕೈಲಿರುವ ಸಹಿ ಇಂಟರ್ನೆಟ್‌ನಲ್ಲಿ ಸಿಗುವ ಯಾವುದಾದರೂ ಪ್ರಸಿದ್ಧ ಸಹಿಯ ಮೇಲೆ ಪಡಿಯಚ್ಚಾಗಿ ಕೂತರೆ ಎರಡರಲ್ಲಿ ಒಂದು ತಿದ್ದಿದ್ದು. ನಾನು ತಂಗಿ ಮಗನಿಗೆ ಗಾಂಧೀಜಿಯ ಸಹಿ ಹುಡುಕಲು ಹೇಳಿದೆ. ಎಲ್ಲ ಕಡೆ ಕಾಣುವ ಒಂದು ಚಿತ್ರ ಇದೆ, ಎಂ, ಕೆ, ಗಾಂಧಿ ಮೂರೂ ಒಂದಕ್ಕೊಂದು ಅಂಟಿಕೊಂಡಂತೆ ಹರಿಯುವುದು. ಅದನ್ನು ಅದೇ ಅಳತೆಗೆ ಪ್ರಿಂಟ್ ತೆಗೆಸಿಕೊಂಡು ಬಂದ. ಅಡುಗೆಮನೆ ಕಿಟಕಿಗೆ ಎರಡನ್ನೂ ಹಿಡಿದೆವು. ಒಂದೇ ಸಹಿ ಕಂಡಿತು!

ತಿದ್ದಿದ ಸಹಿಗೆ ಬೇರೆ ಗುರುತುಗಳೂ ಇವೆ. ಓಡುವ ಪೆನ್ನು ಕಾಗದಕ್ಕೆ ಇಳಿಯುವಾಗಲೂ ಏಳುವಾಗಲೂ ಗೆರೆ ತುದಿಯಲ್ಲಿ ಸೂಜಿಯಂತೆ ತೆಳುವಾಗುತ್ತದೆ. ತಿದ್ದುವವನು ಪೆನ್ನನ್ನು ಇಟ್ಟು, ಯೋಚಿಸಿ, ಎಳೆಯುತ್ತಾನೆ. ಗೆರೆಯ ಎರಡೂ ತುದಿ ಮೊಂಡು. ದಪ್ಪ ಎಲ್ಲ ಕಡೆ ಒಂದೇ. ನಡುವೆ ಯಾಕೋ ಕೈ ಎತ್ತಿ ಮತ್ತೆ ಜೋಡಿಸಿದ ಗಾಯ. ಕೆಳಗೆ ಪೆನ್ಸಿಲ್ ಗೆರೆ ಅಥವಾ ಒಣ ಗೀರು ಉಳಿದಿರಬಹುದು. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಆಗ ಹೆಸರು ಓದಲು ಬರುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಇದು ನನಗೆ ಒಬ್ಬ ಹಿರಿಯ ಮ್ಯಾನೇಜರ್ ಹೇಳಿಕೊಟ್ಟ ಉಪಾಯ.

ಕನ್ನಡ ಸಹಿಗೆ ಸ್ವಲ್ಪ ಬೇರೆ ಕಣ್ಣು ಬೇಕು. ಇಂಗ್ಲಿಷ್ ಸಹಿಯಲ್ಲಿ ಅಕ್ಷರಗಳು ಕೂಡಿಕೊಂಡಿರುವುದರಿಂದ ತಡವರಿಕೆ ಬೇಗ ಕಾಣುತ್ತದೆ. ನಮ್ಮ ಅಕ್ಷರಗಳು ಬಿಡಿಬಿಡಿ, ಕೈ ಎತ್ತುವುದು ಸಹಜ. ನಕಲಿ ಮಾಡುವವನಿಗೆ ಉಸಿರಾಡಲು ಜಾಗ ಸಿಗುತ್ತದೆ. ಅಲ್ಲಿ ನೋಡಬೇಕಾದದ್ದು ಅಭ್ಯಾಸಗಳನ್ನು. ಕುವೆಂಪು ಅನ್ನುವ ಮೂರಕ್ಷರವನ್ನೇ ತಗೊಳ್ಳಿ. ಎರಡು ಕೊಂಬು, ಒಂದು ಎತ್ವ, ಒಂದು ಸೊನ್ನೆ. ಎರಡು ಕೊಂಬೂ ಒಂದೇ ತರ ಇಳಿದಿವೆಯಾ? ಸೊನ್ನೆ ಎಲ್ಲಿಂದ ಶುರುವಾಗಿ ಎಲ್ಲಿ ಮುಚ್ಚಿದೆ, ಅಥವಾ ಮುಚ್ಚದೇ ಬಿಟ್ಟಿದೆಯಾ? ತಲೆಕಟ್ಟು ಅಕ್ಷರಕ್ಕೆ ತಾಗಿದೆಯಾ, ಮೇಲೆ ತೇಲುತ್ತಿದೆಯಾ? ಅಕ್ಷರಗಳ ಸಾಲು ಮೇಲೆ ಹತ್ತುತ್ತದೋ ಕೆಳಗೆ ಜಾರುತ್ತದೋ? ಆಕಾರವನ್ನು ಕದಿಯುವುದು ಸುಲಭ. ಅಕ್ಷರಗಳ ನಡುವಿನ ಜಾಗ, ಚಿಕ್ಕದು ದೊಡ್ಡದರ ಅಂದಾಜು ಕದಿಯುವುದು ಕಷ್ಟ, ಯಾಕೆಂದರೆ ಕದಿಯುವವನಿಗೆ ಅದು ಕಾಣುವುದೇ ಇಲ್ಲ.

ನಡುಗುವ ಸಹಿಯೆಲ್ಲ ನಕಲಿಯಲ್ಲ. ಸಾಗರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಪಿಂಚಣಿಗೆ ಬರುತ್ತಿದ್ದರು. ಪಾರ್ಶ್ವವಾಯು ಆದ ಮೇಲೆ ಅವರ ಸಹಿ ಕೋಳಿ ಕಾಲಿನ ಹಾಗೆ ಆಯಿತು. ಹೊಸ ಹುಡುಗರು ಸಹಿ ಹೊಂದುತ್ತಿಲ್ಲ ಅಂತ ವಾಪಸ್ ಕಳಿಸುತ್ತಿದ್ದರು. ನಾನು ನೋಡಿದೆ. ಆಕಾರ ಪೂರ್ತಿ ಹಾಳಾಗಿತ್ತು, ಆದರೆ ಕೊನೆಯ ಒತ್ತಕ್ಷರವನ್ನು ಮೊದಲಿನ ಹಾಗೇ ಬಲಕ್ಕೆ ಎಳೆದು ಬಿಡುವ ಚಾಳಿ ಹಾಗೇ ಇತ್ತು. ವಯಸ್ಸಿನ ನಡುಕ ಏರುಪೇರಾಗಿರುತ್ತದೆ, ಒಂದು ಕಡೆ ದಿಢೀರನೆ ಜಾರುತ್ತದೆ. ಹೆದರಿದವನ ನಡುಕ ಅಚ್ಚುಕಟ್ಟು. ಅದಕ್ಕೇ ಹೋಲಿಸುವಾಗ ಅದೇ ವರ್ಷದ ಆಸುಪಾಸಿನ ಸಹಿ ಬೇಕು. 1909ರ ಗಾಂಧಿಗೂ 1946ರ ಗಾಂಧಿಗೂ ತಾಳೆ ನೋಡಬಾರದು. ಗಾಂಧೀಜಿಯದ್ದು ಇನ್ನೊಂದು ವಿಶೇಷ. ಬಲಗೈ ದಣಿದರೆ ಎಡಗೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ಕೂತು ಒಂದು ಪುಸ್ತಕ ಬರೆದಾಗ ಸುಮಾರು 40 ಪುಟ ಎಡಗೈಯ ಬರಹ.

ಹೋಲಿಸಲು ತರುವ ಮಾದರಿಯೇ ಖೋಟಾ ಇದ್ದರೆ? ಜರ್ಮನಿಯಲ್ಲಿ 1983ರಲ್ಲಿ ಹಾಗೇ ಆಯಿತು. ಸ್ಟರ್ನ್ ಅನ್ನುವ ಪತ್ರಿಕೆ ಹಿಟ್ಲರನ ದಿನಚರಿ ಅಂತ ಸುಮಾರು 93 ಲಕ್ಷ ಮಾರ್ಕ್ ಕೊಟ್ಟು ಕೊಂಡಿತು. ಬರೆದವನು ಕೊನ್ರಾಡ್ ಕುಯಾವ್ ಅನ್ನುವ ಖೋಟಾಗಾರ. ಕೈಬರಹ ತಜ್ಞರು ಸರಿಯಾಗಿದೆ ಅಂದರು, ಯಾಕೆಂದರೆ ಹೋಲಿಸಲು ಅವರಿಗೆ ಕೊಟ್ಟ ಮಾದರಿಗಳಲ್ಲೂ ಅವನೇ ಬರೆದದ್ದು ಸೇರಿತ್ತು! ಕೊನೆಗೆ ಅವನನ್ನು ಹಿಡಿದುಕೊಟ್ಟದ್ದು ನಾನು ಮೇಲೆ ಹೇಳಿದ ಅದೇ ಕಾಗದದ ಬಿಳುಪು. ಆದ್ದರಿಂದ ಮಾರುವವನು ಕೊಡುವ ಮಾದರಿ ಬೇಡ. ಹರಾಜಿನ ಚಿತ್ರಗಳೂ ಬೇಡ. ಪತ್ರಾಗಾರ, ವಿಶ್ವವಿದ್ಯಾಲಯ, ಸ್ಮಾರಕ ಟ್ರಸ್ಟ್‌ಗಳಲ್ಲಿ ಇರುವುದನ್ನು ನೋಡಿ, ಐದಾರಾದರೂ ಬೇಕು.

ಸಹಿ ಪೆನ್ನಿನದ್ದೇ, ಓಟವೂ ಇದೆ, ಆದರೂ ಆ ವ್ಯಕ್ತಿ ಹಾಕಿದ್ದಲ್ಲ, ಇದೂ ಉಂಟು. ಕಾರ್ಯದರ್ಶಿಗಳು ಹಾಕುತ್ತಾರೆ. ಆಟೊಪೆನ್ ಅನ್ನುವ ಯಂತ್ರ ಹಾಕುತ್ತದೆ. ಅದು ನಿಜವಾದ ಪೆನ್ನನ್ನೇ ಹಿಡಿದು ಅಚ್ಚಿನ ಮೇಲೆ ಓಡಿಸುತ್ತದೆ. ಅಮೆರಿಕದ ಅಧ್ಯಕ್ಷ ಕೆನಡಿ ಬಳಸುತ್ತಿದ್ದರು, ಗಗನಯಾತ್ರಿಗಳ ಫೋಟೊಗಳಲ್ಲೂ ಅದರದ್ದೇ ಸಹಿ ಬೇಕಾದಷ್ಟಿವೆ. 2022ರಲ್ಲಿ ಗಾಯಕ ಬಾಬ್ ಡಿಲನ್ ಅವರ ಪುಸ್ತಕವನ್ನು ಕೈಯಾರೆ ಸಹಿ ಹಾಕಿದ್ದು ಅಂತ 599 ಡಾಲರಿಗೆ ಮಾರಿದರು. ಕೊಂಡವರು ಫೋಟೊ ಹಂಚಿಕೊಂಡು ತಾಳೆ ನೋಡಿದಾಗ ಸಹಿಗಳು ಪಡಿಯಚ್ಚು. ಪ್ರಕಾಶಕರು ದುಡ್ಡು ವಾಪಸ್ ಕೊಟ್ಟರು, ಡಿಲನ್ ಕ್ಷಮೆ ಕೇಳಿದರು. ಹಿಡಿದದ್ದು ಯಾವ ದೊಡ್ಡ ವಿದ್ಯೆಯೂ ಅಲ್ಲ, ನಮ್ಮ ಕಿಟಕಿ ಪರೀಕ್ಷೆಯೇ.

ಇನ್ನೂ ಚುರುಕಿನ ಮೋಸ ಒಂದಿದೆ. ಸಹಿ ಅಸಲಿ, ಕಾಗದ ನಕಲಿ. ಗಾಂಧೀಜಿ ಹಸ್ತಾಕ್ಷರ ಕೇಳಿದವರಿಂದ ಐದು ರೂಪಾಯಿ ಹರಿಜನ ನಿಧಿಗೆ ವಸೂಲಿ ಮಾಡುತ್ತಿದ್ದರು. ಖಾಲಿ ಹಾಳೆಯಲ್ಲಿ ಬರೀ ಸಹಿ ಇರುವಂಥವು ಹಾಗೆ ಎಷ್ಟೋ ಉಳಿದಿವೆ. ಅದರ ಮೇಲ್ಗಡೆ ನಾಲ್ಕು ಸಾಲು ಟೈಪ್ ಮಾಡಿದರೆ ಬೆಲೆ ಏರುತ್ತದೆ. ಸಹಿ ಹಾಕಿದ ಖಾಲಿ ಚೆಕ್ಕಿನ ಕಥೆಯೇ ಇದು. ಕೊನೆಯ ಸಾಲುಗಳು ಸಹಿಯ ಹತ್ತಿರ ಬಂದಾಗ ಇಕ್ಕಟ್ಟಾಗಿ ಕುಗ್ಗಿವೆಯಾ, ಅಥವಾ ಜಾಗ ತುಂಬಿಸಲು ಸುಮ್ನೆ ಅಗಲವಾಗಿವೆಯಾ ನೋಡಿ.

ಮಾರುವವನನ್ನೂ ಓದಬೇಕು. ಎಲ್ಲಿಂದ ಬಂತು, ಯಾರಿಗೆ ಬರೆದದ್ದು, ಆ ಮನೆಯವರು ಈಗ ಎಲ್ಲಿದ್ದಾರೆ, ಕವರ್ ಇದೆಯಾ? "ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು" ಅಂದರೆ ಅಜ್ಜನ ಹೆಸರು, ಊರು, ಉದ್ಯೋಗ ಕೇಳಿ. ವಾಟ್ಸಾಪ್ ಫೋಟೊ ನೋಡಿ ಯಾವತ್ತೂ ತೀರ್ಮಾನ ಮಾಡಬೇಡಿ. ಸರ್ಟಿಫಿಕೇಟ್ ಇದೆ ಅನ್ನುತ್ತಾರೆ, ಆ ಸರ್ಟಿಫಿಕೇಟಿನ ಸಹಿಗೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಅಮೆರಿಕದ ಎಫ್‌ಬಿಐ 1990ರ ದಶಕದ ಕೊನೆಯಲ್ಲಿ ಖೋಟಾ ಸಹಿಗಳ ದೊಡ್ಡ ಜಾಲ ಹಿಡಿದಾಗ ಸಿಕ್ಕಿದ ಮಾಲಿನಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡು ಇತ್ತಂತೆ. ಕೊಲ್ಕತ್ತದ ತಾಯಿ ಬೇಸ್‌ಬಾಲ್ ಮೇಲೆ ಯಾಕೆ ಸಹಿ ಹಾಕುತ್ತಾರೆ ಅಂತ ಕೊಂಡವರು ಕೇಳಲೇ ಇಲ್ಲ.

ಕಾಯಿದೆಯ ಮಾತು ಒಂದು. 75 ವರ್ಷಕ್ಕಿಂತ ಹಳೆಯ, ಚಾರಿತ್ರಿಕ ಅಥವಾ ಸಾಹಿತ್ಯಿಕ ಬೆಲೆಯಿರುವ ಹಸ್ತಪ್ರತಿ ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯಿದೆಯ ಕೆಳಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪರವಾನಗಿ ತೋರಿಸಿ ಅಂದರೆ ಅರ್ಧ ಜನ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ತಂಗಿ ಮಗನಿಗೆ ಈ ಮಾತು ಹೇಳಿಯೇ ಕಳಿಸಿದೆ. ಕಾಗದ ವಾಪಸ್ ಹೋಯಿತು. 5,000ದಲ್ಲಿ 3,000 ಬಂತು.

ಆಮೇಲೆ ಒಂದು ಸಂಜೆ ಅವನನ್ನು ಎದುರು ಮನೆ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಅವರ ಯಜಮಾನರು ಕನ್ನಡ ಸಂಘ ನಡೆಸುತ್ತಿದ್ದವರು. ಬಿಸ್ಕತ್ತಿನ ಡಬ್ಬಿಯಲ್ಲಿ ಎಲ್‌ಐಸಿ ರಸೀದಿಗಳ ಕೆಳಗೆ ಒಂದು ಪೋಸ್ಟ್ ಕಾರ್ಡ್ ಇದೆ, 1981ರದ್ದು. ಬರೆದವರು ನಮ್ಮ ಹಿರಿಯ ಸಾಹಿತಿಯೊಬ್ಬರು. "ನಿಮ್ಮ ಕಾಗದ ಬಂತು. 14ಕ್ಕೆ ಬರಲಾಗದು. ಹಲ್ಲು ನೋವು. ಬಸ್ ಚಾರ್ಜು ಕಳಿಸಬೇಡಿ." ಜಾಗ ಸಾಲದೆ ಸಹಿಯನ್ನು ವಿಳಾಸದ ಬದಿಯ ಎಡ ಮೂಲೆಗೆ ತುರುಕಿದ್ದಾರೆ. ಕೊನೆಯ ಅಕ್ಷರ ಅರ್ಧ ಅಂಚಿನಾಚೆ ಹೋಗಿದೆ. ಅದರ ಮೇಲೆ ಅಂಚೆ ಠಸ್ಸೆಯ ಕಪ್ಪು ವೃತ್ತ ಬಿದ್ದಿದೆ. ಲೂಪ್ ಹಿಡಿದರೆ ನೀಲಿ ಶಾಯಿ ಕೆಳಗೆ, ಠಸ್ಸೆಯ ಮಸಿ ಮೇಲೆ. ತಾರೀಖು ಸ್ಪಷ್ಟ.

ಹುಡುಗ ಅದನ್ನು ತಿರುಗಿಸಿ ಮುರುಗಿಸಿ ಹತ್ತು ನಿಮಿಷ ನೋಡಿದ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಬಿಸಿಲಿಗೆ ಇಡಬೇಡಿ ಅಂತ ಅಜ್ಜಿಗೆ ಹೇಳಿ ನಾವು ಹೊರಟೆವು. ಗೇಟು ದಾಟಿದ ಕೂಡಲೇ ಅವನು ಮೆಲ್ಲಗೆ ಕೇಳಿದ: "ದೊಡ್ಡಮ್ಮ, ಅವರು ಅದನ್ನು ಮಾರ್ತಾರಾ?"